ಎಡಕ್ಕೆ ಹುಟ್ಟಿದ ಸೂರ್ಯ

"ಈ ಗುಡ್ಡ ನೀವು ಹತ್ತೇ ಇಲ್ಲ, ಸರ."

ಮೇಘಾ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ ಹೇಳಿದಳು. ಬೆಳಗಾವಿ ಕ್ಯಾಂಪಿನ ಹಳೆಯ ಬಂಗಲೆಯೊಂದರಲ್ಲಿದ್ದ ಆನ್‌ಲೈನ್ ಶಾಲಾ ಕಂಪನಿಯಲ್ಲಿ, ಪಾಠಗಳಲ್ಲಿ ತಪ್ಪಿದೆಯೇ ಎಂದು ಪರಿಶೀಲಿಸುವುದು ಅವಳ ಕೆಲಸ. ಎದುರು ಕುಳಿತವನು ಭೂಗೋಳದ ಶಿಕ್ಷಕ ಶ್ರೇಣಿಕ. ಖಾನಾಪುರದ ಮನೆಯಿಂದಲೇ ಪಾಠ ಮಾಡುವವನು. ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು!

ಪರದೆಯ ಮೇಲೆ ಅವನನ್ನು ಎಷ್ಟೋ ಸಲ ನೋಡಿದ್ದಳು. ಪರಿಶೀಲನೆ ಮುಗಿದ ಪಾಠಗಳನ್ನೂ ಮತ್ತೆ ಹಾಕಿಕೊಂಡು ನೋಡಿದ್ದಳು. ಅದಕ್ಕೇ ಈಗ ಮುಖ ನೋಡಲು ಭಯ. 'ನೋಡಿದರೆ ನಂಬಿಬಿಡುತ್ತೇನೆ...'

"ಹತ್ತಿಲ್ಲಂದ್ರ? ಜಿಗಣಿ ಕಚ್ಚಿದ ಗುರ್ತು ಕಾಲಾಗ ಇನ್ನೂ ಹಂಗಽ ಅದಾವ್ರಿ. ತೋರಸ್ಲೇನು?"

"ಕಾಲು ಬ್ಯಾಡ. ನಾ ಸೂರ್ಯನ್ನ ತೋರಸ್ತೀನಿ, ನೋಡ್ರಿ."

ವಿಡಿಯೊ ಓಡಿತು. ಖಾನಾಪುರದ ಕಾಡಿನಾಚೆ, ದಾರಿಯೇ ಇಲ್ಲದ, ಅಪರೂಪಕ್ಕೆ ಯಾರಾದರೂ ಹತ್ತುವ ಕಾಡವ್ವನ ಗುಡ್ಡದ ತುದಿ. ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತ ಅವನು ಹೇಳುತ್ತಿದ್ದ: "ಮಕ್ಕಳೇ, ಈಗ ಮುಂಜಾನೆ. ನಾನು ಉತ್ತರಕ್ಕೆ ಮುಖ ಮಾಡಿ ನಿಂತಿದ್ದೇನೆ."

"ಹಂಗಾದ್ರ ಸೂರ್ಯ ಬಲಕ್ಕ ಇರಬೇಕು. ಇಲ್ಲಿ ಎಡಕ್ಕ ಐತಿ. ಅಂದ್ರ ಇದು ಸಂಜಿ. ಹೊತ್ತ ಸುಳ್ಳಾದ್ರ ಗುಡ್ಡಾನೂ ಬ್ಯಾರೆ ಯಾವುದೋ ಇರಬೇಕು."

ಶ್ರೇಣಿಕ ಬಾಗಿ ನೋಡಿದ.

"ಇದು ಹೆಂಗಾತೋ ನನಗೂ ತಿಳೀವಲ್ದು... ಆದ್ರ ನಾ ಸುಳ್ಳ ಹೇಳಿಲ್ರಿ. ನನ್ನ ಜೋಡಿ ಅರಣ್ಯ ಇಲಾಖೆ ವಾಚಮನ್ ಇದ್ದ, ಕೇಳ್ರಿ."

"ಕೇಳೀನಿ. ಆತ ನಿಮ್ಮ ಸಾಲಿ ಗೆಳ್ಯಾ ಅನ್ನೂದನ್ನೂ ಕೇಳಿ ತಿಳ್ಕೊಂಡೀನಿ."

"ಇಷ್ಟ ಸಂಶೇನು!" ಅವನು ಎದ್ದ. "ಕೆಲಸ ಹೋದ್ರ ಹೋಗ್ಲಿ, ಮೇಡಂ. ಮಕ್ಕಳಿಗೆ ಸುಳ್ಳ ಕಲಿಸ್ದಾಂವ ಅನ್ನಿಸ್ಕೊಂಡು ಹೆಂಗ ಇರ್ಲಿ?"

ಅವನನ್ನು ತೆಗೆಯುವುದೋ ಬಿಡುವುದೋ, ಮಾಲೀಕರು ಅವಳ ವರದಿಗಾಗಿ ಕಾದಿದ್ದರು. ಮೇಘಾ ವರದಿ ಬರೆದಳು. ಕಳಿಸಲು ಮಾತ್ರ ಬೆರಳು ಏಳಲಿಲ್ಲ. ಶನಿವಾರ, ಅವನ ಬಳಿಯಿದ್ದ ಕಂಪನಿಯ ಕ್ಯಾಮೆರಾ ವಾಪಸು ತರುವ ನೆಪದಲ್ಲಿ ಖಾನಾಪುರದ ಬಸ್ಸು ಹತ್ತಿದಳು. 'ಇನ್ನೊಂದೇ ಒಂದು ಪ್ರಶ್ನೆ ಕೇಳುತ್ತೇನೆ' ಎಂದುಕೊಂಡಳು. ಯಾವ ಪ್ರಶ್ನೆ ಎಂದು ಅವಳಿಗೇ ಗೊತ್ತಿರಲಿಲ್ಲ!

ಬಾಗಿಲು ತೆರೆದವಳು ಅವನ ತಾಯಿ ಪದ್ಮವ್ವ.

"ಬಾ ಯವ್ವಾ, ಹೊತ್ತ ಮುಳುಗಾಕ ಬಂತು. ಮೊದ್ಲ ಉಣ್ಣು. ನನ್ನ ಮಗನ್ನ ಬೈಯಾಕ ಮೈಯಾಗ ಕಸುವು ಬೇಕಲ್ಲ!"

ಜೈನರ ಮನೆ; ಕತ್ತಲಾದ ಮೇಲೆ ಊಟವಿಲ್ಲ. ಮೇಘಾಳ ಮನೆಯಲ್ಲೂ ಅದೇ ಪದ್ಧತಿ. ಆಮೇಲೆ ಉಣ್ಣುತ್ತೇನೆಂದು ಜಾರಿಕೊಳ್ಳುವ ಹಾಗಿರಲಿಲ್ಲ. ಶ್ರೇಣಿಕನ ಎದುರಿಗೇ ಕುಳಿತಳು. ಅವನು ರೊಟ್ಟಿ ಮುಂದೆ ಮಾಡಿದ. ಆಗ ಮೊದಲ ಬಾರಿ ಅವಳು ಅವನ ಮುಖ ನೇರವಾಗಿ ನೋಡಿದಳು.

ಎಡ ಹುಬ್ಬಿನ ಮೇಲೊಂದು ಹಳೆಯ ಗಾಯದ ಗುರುತು.

ಎಡ ಹುಬ್ಬು?

ತುತ್ತು ಕೈಯಲ್ಲೇ ನಿಂತಿತು. ಗುಡ್ಡದ ವಿಡಿಯೊದ ಕೊನೆಗೆ ಅವನು ತಿರುಗಿ ನಗುವಾಗ ಆ ಗುರುತು ಬಲ ಹುಬ್ಬಿನ ಮೇಲಿತ್ತು! ಆ ನಗುವನ್ನು ಅವಳು ನಿಲ್ಲಿಸಿ ನಿಲ್ಲಿಸಿ ನೋಡಿದ್ದಳು.

"ಆ ಗಾಯ... ಯಾವಾಗ ಆದದ್ದು?"

"ಸಣ್ಣಾಂವ ಇದ್ದಾಗ. ಯಾಕ್ರಿ, ಇದರ ಮ್ಯಾಲೂ ಸಂಶೇನು?"

ಅವಳು ಅರ್ಧಕ್ಕೇ ಎದ್ದು, ಕೈ ತೊಳೆದು, ಕಚೇರಿಯಲ್ಲಿ ವಿಡಿಯೊ ಸಂಕಲನ ಮಾಡುವ ಶೀತಲನಿಗೆ ಫೋನು ಹಚ್ಚಿದಳು.

"ಶೀತಲಣ್ಣ, ಗುಡ್ಡದ ವಿಡಿಯೊ ಏನರ ತಿರುವಿದ್ಯಾ?"

"ಹೂಂ. ಸರ ಬಲಕ್ಕ ನಿಂತಿದ್ರು. ಶಿಕ್ಷಕರು ಎಡಕ್ಕಽ ಇರಬೇಕು, ಬಲಕ್ಕ ಅಕ್ಷರ ಬರಬೇಕು ಅಂತ ನೀವಽ ರೂಲ್ ಮಾಡೀರಲ್ಲ, ಮೇಡಂ! ಕನ್ನಡ್ಯಾಗ ಕಂಡಂಗ ತಿರುವಿಬಿಟ್ಟೆ. ಮೂಲದ್ದು ಕಳಿಸ್ಲೇನು?"

ಮೂಲ ವಿಡಿಯೊ ಬಂತು. ಸೂರ್ಯ ಬಲಕ್ಕಿದ್ದ.

ವಾಚಮನ್‌ನನ್ನು, ಗುಡ್ಡವನ್ನು, ಮನುಷ್ಯನನ್ನು ಸಂಶಯಿಸಿದ್ದಳು. ತನ್ನ ಕಚೇರಿಯನ್ನು ಸಂಶಯಿಸಬಹುದೆಂದು ಮಾತ್ರ ಹೊಳೆದೇ ಇರಲಿಲ್ಲ...

"ತಪ್ಪು ನಂದು," ಎಂದಳು. ಫೋನನ್ನು ಅವನತ್ತ ತಿರುಗಿಸಿ ಎರಡೂ ವಿಡಿಯೊ ತೋರಿಸಿದಳು. "ಸೂರ್ಯನ್ನ ಎಡಕ್ಕ ಹುಟ್ಟಿಸಿದಾಕಿ ನಾನು."

"ಮಾಲೀಕರ ಮುಂದ ಇದನ್ನಽ ಹೇಳ್ತೀರೇನು?"

"ಮಾಲೀಕರಿಗೂ, ಮಕ್ಕಳಿಗೂ. ನನ್ನ ಹೆಸರ್ಲೆ."

ಅವನೆದುರೇ ಹಳೆಯ ವರದಿ ಅಳಿಸಿ ಹೊಸದು ಬರೆದಳು. ಕಳಿಸಿದಳು. ಶ್ರೇಣಿಕ ಉಸಿರು ಬಿಟ್ಟ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಕಣ್ಣಲ್ಲಿ ಒಂದು ಕುತೂಹಲ.

"ಒಂದು ತಿಳೀಲಿಲ್ಲ. ಈ ಗುರ್ತು ಯಾವ ಕಡೆ ಇತ್ತು ಅಂತ ನಿಮಗ ಹೆಂಗ ನೆನಪು?"

"ಪಾಠ ನೋಡೂದು ನನ್ನ ಕೆಲಸ."

"ಎಷ್ಟ ಸಲ ನೋಡೂದು?"

ಮೇಘಾ ತಲೆ ತಗ್ಗಿಸಿದಳು. "ಕೆಲಸಕ್ಕ ಬೇಕಾದದ್ದಕ್ಕಿಂತ ಜಾಸ್ತಿ... ನೀವು ಸುಳ್ಳ ಹೇಳೀರಿ ಅನ್ನಿಸ್ದಾಗ, ಪಾಠ ಕೆಟ್ಟದ್ದಕ್ಕಿಂತ ಅದಽ ನನಗ ಹೆಚ್ಚು ನೋವಾತು."

ಅಡುಗೆಮನೆಯಲ್ಲಿ ಪದ್ಮವ್ವ ಪಾತ್ರೆಗಳ ಸದ್ದು ನಿಲ್ಲಿಸಿದಳು!

"ಮುಂದಿನ ಸಲ ಗುಡ್ಡ ಹತ್ತುವಾಗ ನನ್ನೂ ಕರಕೊಂಡ ಹೋಗ್ರಿ," ಎಂದಳು ಮೇಘಾ.

"ಯಾಕ? ಇನ್ನೂ ಪರೀಕ್ಷಾ ಮಾಡೂದೈತೇನು?"

"ಸಂಶೇ ಇದ್ದಿದ್ರ, ದಾರಿ ಇಲ್ಲದ ಗುಡ್ಡಕ್ಕ ನಿಮ್ಮ ಕೈ ಹಿಡದು ಬರ್ತಿದ್ನೇನು?"

"ಕೈ ಹಿಡೀತೀನಿ ಅಂತ ನಾ ಎಲ್ಲಿ ಅಂದೆ?"

"ಹಂಗಾದ್ರ ಈಗರ ಅನ್ರಿ..."

ಅವನು ಮೆಲ್ಲಗೆ ನಕ್ಕ. 'ಮೇಡಂ' ಎನ್ನುವುದನ್ನು ಮೊದಲ ಬಾರಿ ಬಿಟ್ಟ.

"ಹಿಡೀತೀನಿ, ಮೇಘಾ."