ಮೂರನೆಯ ಲೋಟದ ಅಳತೆ

ಮಹಾಬಲ ಮೊದಲ ಸಲ ಮೋಹಿನಿಯ ಕೈ ಹಿಡಿದದ್ದು ಜಿನ್ ಅಳೆಯುವುದನ್ನು ಕಲಿಸಲು.

ಮದುವೆಯಾಗಿ ಒಂಬತ್ತು ದಿನವಾಗಿತ್ತು. ಸ್ನಾನಕ್ಕೆ ನೀರು ಬಿಸಿಯಾಗಿದೆ, ಊಟಕ್ಕೆ ಬಡಿಸಿದೆ ಎನ್ನುವುದರಾಚೆ ಇಬ್ಬರ ನಡುವೆ ಮಾತೇ ಬೆಳೆದಿರಲಿಲ್ಲ. ಅಂದು ಅವನು ಕಲ್ಲುಗುಂಡಿಯ ಮನೆಯ ಅಡಿಗೆಕೋಣೆಗೆ ಬಂದು ಒಂದು ಬಾಟಲಿ, ನಾಲ್ಕು ಲಿಂಬೆಹಣ್ಣು, ಸಕ್ಕರೆ ಪಾಕ, ಗೋಲಿಸೋಡಾ ಇಟ್ಟಾಗ ಅವಳ ಎದೆ ಹೊಡೆದುಕೊಂಡಿತು. ಅಜ್ಜಾವರದ ಅವಳ ತವರಿನಲ್ಲಿ ಅಂಥ ಬಾಟಲಿಯನ್ನು ಕಂಡವರೇ ಇಲ್ಲ. ಜಿಲ್ಲೆಯಲ್ಲಿ ಪಾನನಿರೋಧ ಎತ್ತಿ ಇನ್ನೂ ವರ್ಷ ತುಂಬಿರಲಿಲ್ಲ.

ಮಹಾಬಲ ಆರು ವರ್ಷ ಸೈನ್ಯದಲ್ಲಿ ಅಧಿಕಾರಿಗಳ ಮೆಸ್ಸಿನಲ್ಲಿದ್ದವನು. ಈಗ ಮರದ ವ್ಯಾಪಾರಿ. ಮರ ಕೊಳ್ಳುವವರನ್ನು ಭಾನುವಾರ ಮಧ್ಯಾಹ್ನ ಊಟಕ್ಕೆ ಕರೆಯುತ್ತಿದ್ದ. ಊಟಕ್ಕೆ ಮೊದಲು ಅವರಿಗೆ ತಂಪಾದ ಒಂದು ಲೋಟ ಕೊಡುವುದು ಮೆಸ್ಸಿನಲ್ಲಿ ಕಲಿತ ಪದ್ಧತಿ.

"ಒಂದು ಅಳತೆ ಜಿನ್, ಅರ್ಧ ಲಿಂಬೆರಸ, ಅರ್ಧ ಪಾಕ. ಮೇಲಿಂದ ಸೋಡಾ," ಎಂದ. "ಹುಳಿ ನೋಡಿ ಪಾಕ ಹೆಚ್ಚುಕಡಿಮೆ ಮಾಡು. ಜಿನ್ ಮಾತ್ರ ಅಳತೆ ಮೀರುದು ಬೇಡ."

ಅವಳು ಬಾಟಲಿ ಬಗ್ಗಿಸಿದಾಗ ನಾಲ್ಕು ಹನಿ ಹೊರಗೆ ಚೆಲ್ಲಿತು. ಅವನು ಮೆಲ್ಲನೆ ಮಣಿಕಟ್ಟು ಹಿಡಿದ.

"ಬಾಟಲಿ ಕಂಡು ಹೆದರಿಕೆಯಾ?"

"ಬಾಟಲಿ ಕಂಡಲ್ಲ..."

ಅವನು ನಕ್ಕ. ಅವನು ನಗುವುದನ್ನು ಅವಳು ಕಂಡದ್ದು ಅದೇ ಮೊದಲು.

ಆಮೇಲಿನ ಭಾನುವಾರಗಳಿಗಾಗಿ ಅವಳು ಕಾಯತೊಡಗಿದಳು. ಮಂಗಳೂರಿನಿಂದ ಬಸ್ಸಿನಲ್ಲಿ, ಮರದ ಹುಡಿಯಲ್ಲಿ ಹೂತು ಬರುತ್ತಿದ್ದ ಮಂಜುಗಡ್ಡೆಯನ್ನು ಇಬ್ಬರೂ ಸೇರಿ ಒಡೆಯುತ್ತಿದ್ದರು. ಬ್ರಾಂದಿಗೆ ಶುಂಠಿರಸ ಬೆರೆಸುವುದು, ರಮ್ಮಿಗೆ ಲಿಂಬೆ ಹಿಂಡುವುದು... ಒಂದೊಂದನ್ನೇ ಅವನು ಕಲಿಸಿದ. ಜಿನ್ ಹಾಕುವ ಮೊದಲೇ ಅವಳು ಲಿಂಬೆಪಾಕದ ರುಚಿ ನೋಡುತ್ತಿದ್ದಳು. ಹದ ಒಮ್ಮೆಯೂ ತಪ್ಪಲಿಲ್ಲ. ಅತಿಥಿಗಳು ಹೊಗಳಿದರೆ ಮಹಾಬಲ ಅಡಿಗೆಕೋಣೆಯ ಬಾಗಿಲ ಕಡೆ ತಿರುಗಿ ನೋಡುತ್ತಿದ್ದ. ಆ ಒಂದು ನೋಟ ಅವಳಿಗೆ ವಾರವಿಡೀ ಸಾಕಾಗುತ್ತಿತ್ತು.

ಬರುವವರಲ್ಲಿ ಅವಳಿಗೆ ಹೆಚ್ಚು ಇಷ್ಟವಾದವನು ಮೇದಪ್ಪ. ಘಾಟಿಯ ಮೇಲಿನ ಊರಿನವನು, ಸೈನ್ಯದಲ್ಲಿ ಮಹಾಬಲನ ಜೊತೆಗಿದ್ದವನು. ತಾನೇ ಜೀಪು ಓಡಿಸಿಕೊಂಡು ಬರುತ್ತಿದ್ದ. ಎಷ್ಟು ಒತ್ತಾಯಿಸಿದರೂ ಎರಡು ಲೋಟ, ಅಷ್ಟೇ. ಹೊರಡುವಾಗ ಅವಳನ್ನು ತಂಗೀ ಎಂದು ಕರೆದು ಹೇಳಿಯೇ ಹೋಗುವವನು.

ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ ಅವನು ಮರದ ದರ ಒಪ್ಪಲಿಲ್ಲ. ಮುಂದಿನ ವಾರ ನೋಡುವ ಎಂದು ಎದ್ದ. ಮಹಾಬಲ ಅವನ ಹೆಗಲು ಹಿಡಿದು ಕೂರಿಸಿ, ಇನ್ನೊಂದು ಲೋಟ ತರಲು ಹೇಳಿದ. ಮೋಹಿನಿ ಮೂರನೆಯ ಲೋಟ ಬೆರೆಸಿ ತಟ್ಟೆಯಲ್ಲಿಟ್ಟು ಬಾಗಿಲ ಬಳಿ ಇರಿಸಿ, ಒಲೆಯ ಮೇಲಿನ ಸಾರು ನೋಡಲು ಹೋದಳು. ತಟ್ಟೆಯನ್ನು ಮಹಾಬಲನೇ ಬಂದು ಕೊಂಡುಹೋದ.

ಊಟವಾಯಿತು. ಮೇದಪ್ಪ ದರಕ್ಕೆ ಒಪ್ಪಿ, ನಗುತ್ತಾ ಹೊರಟ.

ಘಾಟಿಯ ಎರಡನೆಯ ತಿರುವಿನಲ್ಲಿ ಜೀಪು ಕೆಳಗೆ ಉರುಳಿತು. ಸಂಜೆಯೊಳಗೆ ಸುದ್ದಿ ಬಂತು. ಮೇದಪ್ಪ ಉಳಿಯಲಿಲ್ಲ.

ಸಾವಿನ ಮನೆಯಲ್ಲಿ ಅವನ ಹೆಂಡತಿ ಶಂಕರಿ ಅಳುತ್ತಿರಲಿಲ್ಲ. ಮೋಹಿನಿಯನ್ನು ಹತ್ತಿರ ಕರೆದು, ಎಷ್ಟು ಕೊಟ್ಟೆ ಎಂದು ಕೇಳಿದಳು.

"ಮೂರು ಅಕ್ಕಾ..."

"ಮೂರಕ್ಕೆ ಅವರ ಕೈ ತಪ್ಪುದಿಲ್ಲ. ನೀನು ಅದರಲ್ಲಿ ಎಂತ ಹಾಕಿದ್ದು?"

ಮಹಾಬಲ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ. ಅವನು ಏನಾದರೂ ಹೇಳಿಯಾನು ಎಂದು ಮೋಹಿನಿ ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

ಮನೆಗೆ ಬಂದ ಮೇಲೆ ಅವಳೇ ಕೇಳಿದಳು. "ನನ್ನ ಅಳತೆ ತಪ್ಪಿತಾ? ನೀವಾದರೂ ಹೇಳಿ."

"ಈಗ ಅದನ್ನು ಮಾತಾಡಿ ಎಂತ ಪ್ರಯೋಜನ?" ಎಂದು ಅವನು ಹೊರಗೆ ಹೋದ.

ಹಾಗಾದರೆ ತಪ್ಪಿದ್ದು ಹೌದು... ಸಾರು ಉಕ್ಕುವ ಗಡಿಬಿಡಿಯಲ್ಲಿ ಎರಡು ಸಲ ಸುರಿದೆನೇ? ನೂರು ಸಲ ನೆನಪಿಸಿಕೊಂಡಳು. ನೆನಪೇ ಕಲಸಿಹೋಯಿತು.

ಭಾನುವಾರದ ಊಟಗಳು ನಿಂತವು. ಮಹಾಬಲ ಅಡಿಗೆಕೋಣೆಗೆ ಕಾಲಿಡುವುದನ್ನೇ ಬಿಟ್ಟ. ಅವಳು ಎದುರು ಬಂದರೆ ಮುಖ ತಿರುಗಿಸುತ್ತಿದ್ದ. ಕೊಲೆಗಾರ್ತಿಯ ಮುಖ ನೋಡಲು ಯಾರಿಗೆ ಮನಸ್ಸು ಬಂದೀತು ಎಂದುಕೊಂಡಳು ಮೋಹಿನಿ. ಎರಡು ತಿಂಗಳು ಸಹಿಸಿ, ಒಂದು ಬೆಳಿಗ್ಗೆ ಬಟ್ಟೆ ಕಟ್ಟಿಕೊಂಡು ತವರಿಗೆ ಹೊರಟಳು. ಅವನು ತಡೆಯಲಿಲ್ಲ. ಅದೊಂದೇ ಅವಳನ್ನು ಪೂರ್ತಿ ಮುರಿದದ್ದು.

ಅಜ್ಜಾವರದಲ್ಲಿ ಅವಳ ತಾಯಿ ಚೆನ್ನು, ಮಗಳು ಸಾರಿಗೆ ಉಪ್ಪು ಹಾಕಲೂ ಹೆದರಿ, ಚಮಚ ಹಿಡಿದು ನಿಂತುಬಿಡುವುದನ್ನು ಕಂಡು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಅವಳು ತವರು ಸೇರಿದ ಐದನೆಯ ತಿಂಗಳಲ್ಲಿ ಮಹಾಬಲ ಬಂದ. ಹಗಲು ಹನ್ನೊಂದರ ಬಿಸಿಲು. ಅರ್ಧಕ್ಕರ್ಧ ಇಳಿದುಹೋಗಿದ್ದ. ಚೆನ್ನು ನೀರು, ಬೆಲ್ಲ ಇಟ್ಟು ಒಳಗೆ ಸರಿದಳು. ಅವನು ಅದನ್ನು ಮುಟ್ಟಲಿಲ್ಲ.

"ನಿನ್ನ ಅಳತೆ ತಪ್ಪಿರಲಿಲ್ಲ ಮೋಹಿನಿ."

ಅವಳು ಕಂಬ ಹಿಡಿದುಕೊಂಡಳು.

"ನೀನು ಸಾರು ನೋಡಲಿಕ್ಕೆ ಹೋದಾಗ ಆ ಲೋಟಕ್ಕೆ ನಾನು ಇನ್ನೂ ಎರಡು ಅಳತೆ ಜಿನ್ ಸುರಿದೆ. ಮೇಲಿಂದ ಸ್ವಲ್ಪ ಚೆಲ್ಲಿ ಜಾಗ ಮಾಡಿ, ಪಾಕವನ್ನೂ ಹೆಚ್ಚು ಹಾಕಿದೆ, ಅವನಿಗೆ ಗೊತ್ತಾಗದ ಹಾಗೆ. ದರ ಒಪ್ಪಲಿ ಅಂತ... ಅಷ್ಟಕ್ಕೇ."

ಮೋಹಿನಿಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಒಂದೊಂದೇ ಮಾತು ಒಳಗಿಳಿಯಿತು.

"ಶಂಕರಿಯಕ್ಕ ನನ್ನನ್ನು ಕೇಳುವಾಗ ನೀವು ಅಲ್ಲೇ ಇದ್ದಿರಿ."

"ಇದ್ದೆ."

"ಮನೆಯಲ್ಲಿ ನಾನೇ ಕೇಳಿದೆ."

"ನೀನು ಕೇಳಿದ್ದು ಹೌದು. ಹೇಳಿದರೆ ನನ್ನನ್ನು ಬಿಟ್ಟು ಹೋಗ್ತಿ ಅಂತ ಹೆದರಿದೆ. ಹೇಳದೆಯೇ ಕಳಕೊಂಡೆ."

ಅವಳು ಎಷ್ಟೋ ಹೊತ್ತು ಅತ್ತಳು. ಅವನು ಹತ್ತಿರ ಬರಲು ಧೈರ್ಯ ಮಾಡಲಿಲ್ಲ. ನಿನ್ನೆ ಶಂಕರಿಯ ಮನೆಗೆ ಹೋಗಿ ಎಲ್ಲ ಹೇಳಿದೆ, ಪೊಲೀಸರಿಗೂ ಹೇಳಲು ಸಿದ್ಧನೆಂದು ಅವಳಿಗೆ ತಿಳಿಸಿದೆ ಎಂದ. ಶಂಕರಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳಂತೆ. ಆ ಹುಡುಗಿಗೆ ಮೊದಲು ಹೇಳು, ಆಮೇಲೆ ಬಾ ಎಂದಷ್ಟೇ ಹೇಳಿ ಒಳಗೆ ಹೋದಳಂತೆ.

"ನನ್ನನ್ನು ಕ್ಷಮಿಸು ಅಂತ ಕೇಳುದಿಲ್ಲ," ಎಂದ ಮಹಾಬಲ. "ನೀನು ಸುಮ್ಮನೆ ಸಾಯುತ್ತಾ ಇರುದು ಬೇಡ ಅಂತ ಬಂದೆ. ನಾನು ಹೊರಡ್ತೇನೆ."

ಅವನು ಅಂಗಳ ದಾಟಿದ. ಮೋಹಿನಿ ನೋಡುತ್ತಾ ನಿಂತಳು. ಅವನ ಮೇಲೆ ಸುಡುವಷ್ಟು ಸಿಟ್ಟಿತ್ತು. ಆ ಸಿಟ್ಟಿನ ಅಡಿಯಲ್ಲಿ ಪ್ರೀತಿ ಹಾಗೆಯೇ ಉಳಿದಿತ್ತು, ಅದನ್ನು ಎಲ್ಲಿ ಇಡುವುದೆಂದು ಅವಳಿಗೆ ತಿಳಿಯಲಿಲ್ಲ.

ಓಡಿಹೋಗಿ, ಬೇಲಿ ದಾಟುವ ದಣಪೆಯ ಹತ್ತಿರ ಅವನನ್ನು ಹಿಂದೆ ಹಾಕಿ ಎದುರು ನಿಂತಳು. ಕಾಲಿಗೆ ಚಪ್ಪಲಿ ಇರಲಿಲ್ಲ.

"ಮನೆಗೆ ಈಗಲೇ ಬರುದಿಲ್ಲ."

"ಬೇಡ."

"ಶಂಕರಿಯಕ್ಕನ ಮನೆಗೆ ಬರ್ತೇನೆ, ನಿಮ್ಮೊಟ್ಟಿಗೆ."

"ಅವಳು ಒಳಗೆ ಕರೆಯದಿದ್ರೆ?"

ಮೋಹಿನಿ ಅವನ ಮಣಿಕಟ್ಟು ಹಿಡಿದಳು.

"ಹೊರಗೆ ನಿಲ್ಲುವ. ಇಬ್ಬರೂ."