ಫಲಕದ ಮೊದಲ ಹೆಸರು

ಯುದ್ಧದಲ್ಲಿ ಮಡಿದ ಪೈಲಟ್‌ನ ಹೆಂಡತಿಯ ಅಂತ್ಯಕ್ರಿಯೆ ಭಾನುವಾರ ಮುಗಿದಿತ್ತು. ಸೋಮವಾರ ಊರಿಗೆ ಊರೇ ಅಂಗಡಿ ಮುಚ್ಚಿತ್ತು. ಮಂಗಳವಾರ ಎಲ್ಲವೂ ಮಾಮೂಲಿಗೆ ಮರಳಿದ ಮೊದಲ ಬೆಳಿಗ್ಗೆ. 7 ಗಂಟೆ 40 ನಿಮಿಷಕ್ಕೆ ಬಂದರು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ ಬಂದವನು ಯುದ್ಧ ಸ್ಮಾರಕದ ಕಾವಲುಗಾರ.

“ಸಾರ್, ಹೆಸರು ಹೋಗಿದೆ.”

“ಯಾರದ್ದು?” ಇನ್ಸ್‌ಪೆಕ್ಟರ್ ಕೇಳಿದರು.

“ಪೈಲಟ್ ಸಾಹೇಬರದ್ದು. ಅರದಲ್ಲಿ ಉಜ್ಜಿ ಹಾಕಿದಾರೆ.”

“ನೀನೆಲ್ಲಿದ್ದೆ?”

“ಟೀ ಕುಡಿಯೋಕೆ ಹೋಗಿದ್ದೆ ಸಾರ್. ಐದೂವರೆಗೆ ಹೋದೆ, ಆರೂ ಮುಕ್ಕಾಲಿಗೆ ಬಂದೆ.”

“ಒಂದೂಕಾಲು ಗಂಟೆ ಟೀನಾ? ಹಸು ಹಿಡಿದು, ಹಾಲು ಕರೆದು ಕುಡಿದ್ಯೇನಪ್ಪಾ?” ಎಂದ ಹೆಡ್ ಕಾನ್‌ಸ್ಟೇಬಲ್. ಕಾವಲುಗಾರ ತಲೆ ತಗ್ಗಿಸಿದ.

ದೂರು ಬರೆಸಿಕೊಂಡು FIR ದಾಖಲಿಸಿದರು: ಸಾರ್ವಜನಿಕ ಸ್ಮಾರಕಕ್ಕೆ ಹಾನಿ, ಆರೋಪಿ ಅಪರಿಚಿತ.

ಐವತ್ತೆರಡು ವರ್ಷಗಳ ಹಿಂದೆ, ಯುದ್ಧದ ಕಾಲದಲ್ಲಿ, ಈ ಊರಿನ ವಿಮಾನ ನೆಲೆಯಿಂದ ಏಳು ಜನರಿದ್ದ ಒಂದು ಬಾಂಬರ್ ಹಾರಿತ್ತು. ಬಾಂಬು ಹಾಕಿ ಮರಳುವಾಗ ಸಮುದ್ರದ ಮೇಲೆ ದಾರಿ ತಪ್ಪಿ, ಇಂಧನ ಮುಗಿದು ಮುಳುಗಿತು. ಒಂದು ಹೆಣವೂ ಸಿಗಲಿಲ್ಲ. ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್‌ನದೇ ತಪ್ಪೆಂದು ವಿಚಾರಣಾ ವರದಿ ಹೇಳಿತು. ಹಿತ್ತಾಳೆಯ ಫಲಕದಲ್ಲಿ ಪೈಲಟ್‌ನ ಹೆಸರು ಮೊದಲು, ನ್ಯಾವಿಗೇಟರ್‌ನದು ಕೊನೆಗೆ. ಅಷ್ಟಾದರೂ ಯಾಕೆ ಹಾಕಿದರೆಂದು ಗೊಣಗಿದವರೂ ಇದ್ದರು.

“ಇನ್ಯಾರು ಸಾರ್?” ಜೀಪು ಹತ್ತುತ್ತ ಹೆಡ್ ಕಾನ್‌ಸ್ಟೇಬಲ್ ಹೇಳಿದ. “ನ್ಯಾವಿಗೇಟರ್ ಹೆಂಡ್ತಿನೇ. ಐವತ್ತೆರಡು ವರ್ಷದ ಹೊಟ್ಟೆಕಿಚ್ಚು.”

ನ್ಯಾವಿಗೇಟರ್ ಮನೆಯ ಗೇಟು ಇನ್ಸ್‌ಪೆಕ್ಟರ್‌ಗೆ ಚೆನ್ನಾಗಿ ಗೊತ್ತು. ಅವರು ಚಿಕ್ಕವರಿದ್ದಾಗ, ಸಂಜೆ ಶಾಲೆ ಬಿಟ್ಟ ಮೇಲೆ ಹತ್ತಾರು ಮಕ್ಕಳು ಅದರ ಮುಂದೆ ನಿಂತು, “ದಾರಿ ಯಾವ ಕಡೆ?” ಎಂದು ಕೂಗಿ ಓಡುತ್ತಿದ್ದರು. ಆ ಮಕ್ಕಳಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಇನ್ಸ್‌ಪೆಕ್ಟರ್‌ರದೇ ಆಗಿತ್ತು. ಅವರು ಕಿಟಕಿಯ ಹೊರಗೆ ನೋಡುತ್ತ ಕುಳಿತರು.

9.15ಕ್ಕೆ ಸ್ಮಾರಕದ ಬಳಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ. ಮೊದಲ ಹೆಸರು ಪೂರ್ತಿ ಸವೆದಿತ್ತು. ಉಳಿದ ಆರೂ ಹೆಸರುಗಳ ಮೇಲೆ ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಪಟ್ಟಿಗಳು ಸಾಲಾಗಿ ಅಂಟಿದ್ದವು, ನ್ಯಾವಿಗೇಟರ್‌ನ ಹೆಸರಿನ ಮೇಲೆ ಎರಡು ಪದರ.

“ಅರ ಜಾರಿ ಬೇರೆಯವರ ಹೆಸರಿಗೆ ಗೀರು ಬೀಳಬಾರದು ಅಂತ,” ಎಂದರು ಇನ್ಸ್‌ಪೆಕ್ಟರ್. “ಇಷ್ಟು ಮರ್ಯಾದಸ್ಥ ಕಿಡಿಗೇಡಿ ನಾನು ನೋಡಿಲ್ಲ.”

ಮಹಿಳಾ ಕಾನ್‌ಸ್ಟೇಬಲ್ ಬಗ್ಗಿ ನೋಡಿದಳು. “ಸಾರ್, ಪ್ರತಿ ಪಟ್ಟಿದೂ ಒಂದು ತುದಿ ಒಳಕ್ಕೆ ಮಡಚಿದೆ. ನನ್ನ ಹೆರಿಗೇಲಿ ಡ್ರಿಪ್‌ಗೆ ಹೀಗೇ ಅಂಟಿಸಿದ್ರು. ಕೀಳೋವಾಗ ಉಗುರು ಹಾಕಿ ಕೆರೀಬಾರದು ಅಂತ. ಇದು ನರ್ಸ್ ಕೈ.”

ಹೆಡ್ ಕಾನ್‌ಸ್ಟೇಬಲ್‌ನ ಮುಖ ಪೆಚ್ಚಾಯಿತು. ಊರಿಗಿದ್ದದ್ದು ಒಂದೇ ಆಸ್ಪತ್ರೆ. ಅಲ್ಲಿನ ಹಿರಿಯ ನರ್ಸ್ ಪೈಲಟ್‌ನ ಮಗಳು.

11.10ಕ್ಕೆ ಅವರು ವಾರ್ಡಿಗೆ ಹೋದಾಗ ಆಕೆ ರೋಗಿಯೊಬ್ಬನ ಜ್ವರ ನೋಡುತ್ತಿದ್ದಳು. ಬಲಗೈ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು. ಅದರ ತುದಿಯೂ ಮಡಚಿತ್ತು.

“ರಜೆ ಇತ್ತಲ್ಲ ಸಿಸ್ಟರ್?”

“ಮನೇಲಿ ಕೂರೋಕೆ ಆಗಲಿಲ್ಲ.”

“ಬೆರಳಿಗೆ ಏನಾಯ್ತು?”

“ಅರ ತಾಗ್ತು.”

“ಬೆಳಿಗ್ಗೆ ಎಲ್ಲಿದ್ರಿ?”

“ನೀವು ನೋಡ್ಕೊಂಡು ಬಂದ ಜಾಗದಲ್ಲೇ.” ಥರ್ಮಾಮೀಟರ್ ಒರೆಸಿ ಡಬ್ಬಿಗೆ ಹಾಕಿದಳು. “ಈ ಅಜ್ಜನಿಗೆ ಮಾತ್ರೆ ಕೊಟ್ಟು ಬಂದುಬಿಡ್ಲಾ?”

ಮನೆಯಲ್ಲಿ ಅರ ಸಿಕ್ಕಿತು. ಅದರ ಹಲ್ಲುಗಳಲ್ಲಿ ಹಿತ್ತಾಳೆಯ ಪುಡಿ. ಕೇಳುವ ಮೊದಲೇ ಆಕೆ ದಿಂಬಿನ ಚೀಲವೊಂದರಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು.

“ನಿನ್ನೆ ಅಮ್ಮನ ಪೆಟ್ಟಿಗೇಲಿ ಸಿಕ್ತು. ನ್ಯಾವಿಗೇಟರ್ ಅವರದ್ದು. ಹಾರೋ ಮುಂಚೆ ಸ್ವಂತ ಸಾಮಾನು ನೆಲೆಯಲ್ಲೇ ಬಿಟ್ಟು ಹೋಗ್ತಿದ್ರಂತೆ. ಆಮೇಲೆ ಅದು ಅವರ ಹೆಂಡ್ತಿ ಕೈ ಸೇರ್ತಂತೆ.”

ಮೊದಲ ಪುಟಕ್ಕೆ ಅಂಟಿಸಿದ ಚೀಟಿಯಲ್ಲಿ ತಾಯಿಯ ಅಕ್ಷರ: “ನ್ಯಾವಿಗೇಟರ್ ಹೆಂಡತಿಯಿಂದ ತಂದದ್ದು. ಓದಿ ನಾಳೆ ಕೊಡಬೇಕು.” ಕೊನೆಯ ಪುಟವನ್ನು ಇನ್ಸ್‌ಪೆಕ್ಟರ್ ನಿಂತುಕೊಂಡೇ ಓದಿದರು.

“ಹೊಸ ದಿಕ್ಸೂಚಿ ಕೂರಿಸಿದ್ದಾರೆ. ವಿಮಾನವನ್ನು ನೆಲದ ಮೇಲೆ ಸುತ್ತ ತಿರುಗಿಸಿ ಅದು ಎಷ್ಟು ತಪ್ಪು ತೋರಿಸುತ್ತದೆಂದು ನೋಡಬೇಕಿತ್ತು. ನೋಡಿಲ್ಲ. ಕ್ಯಾಪ್ಟನ್ ಆಸ್ಪತ್ರೆಯಿಂದ ತಡವಾಗಿ ಬಂದರು. ಹಳೆಯ ದಿಕ್ಸೂಚಿಯ ಅಂಕಿಗಳನ್ನೇ ತಪಾಸಣೆ ಚೀಟಿಯಲ್ಲಿ ಬರೆದು ಸಹಿ ಹಾಕಿದರು. ಮಗಳು ಹುಟ್ಟಿದ್ದಾಳಂತೆ. ಇವತ್ತು ಜಗಳ ಬೇಡವೆಂದು ಸುಮ್ಮನಾದೆ.”

“ಆ ಮಗಳು ನಾನೇ,” ಎಂದಳು ಆಕೆ. “ಪ್ರತಿ ವರ್ಷ ಸ್ಮರಣೆ ದಿನ ಮುಂದಿನ ಸಾಲಲ್ಲಿ ಕೂತು ಹಾರ ಹಾಕಿಸ್ಕೊಂಡೆ. ನ್ಯಾವಿಗೇಟರ್ ಅವರ ಹೆಂಡ್ತಿ ಹಿಂದೆ ಗೋಡೆ ಹತ್ರ ನಿಂತಿರ್ತಿದ್ರು. ಬಿಪಿ ನೋಡಿಸ್ಕೊಳ್ಳೋಕೆ ನನ್ನ ಹತ್ರಾನೇ ಬರ್ತಾರೆ ಸಾರ್. ಕೈ ಹಿಡಿದಿದೀನಿ, ಒಂದು ಒಳ್ಳೆ ಮಾತಾಡಿಲ್ಲ.”

“ಇದನ್ನ ಕೊಟ್ಟುಬಿಡಬಹುದಿತ್ತು. ಹೆಸರು ಯಾಕೆ ಅಳಿಸಿದ್ರಿ?”

“ಅವರ ಮುಂದೆ ನಿಂತು ಹೇಳೋಕೆ ಬಾಯಿ ಬರಲಿಲ್ಲ. ಕೈ ಬಂತು.”

ಮಧ್ಯಾಹ್ನ 2.30ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ದಸ್ತಗಿರಿ. ಹೇಳಿಕೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಎತ್ತಿ ಹಿಡಿದ. “ಉದ್ದೇಶ ಏನಂತ ಹಾಕ್ಲಿ ಸಾರ್? ದ್ವೇಷನಾ, ಲಾಭನಾ?”

“ನಾಚಿಕೆ ಅಂತ ಬರಿ.”

“ಕೋರ್ಟಲ್ಲಿ ಕೇಳಿದ್ರೆ?”

“ಯಾರ ನಾಚಿಕೆ ಅಂತ ಕೇಳಿದ್ರೆ ನನ್ನನ್ನ ಕರಿ.”

4.10ಕ್ಕೆ ಠಾಣೆಯಲ್ಲೇ ಜಾಮೀನಾಯಿತು. ಇನ್ಸ್‌ಪೆಕ್ಟರ್ ನೋಟ್‌ಬುಕ್ಕಿನ ಜೆರಾಕ್ಸ್ ತೆಗೆಸಿ ಫೈಲಿಗೆ ಸೇರಿಸಿದರು, ಮೂಲವನ್ನು ಆಕೆಯ ಕೈಗಿತ್ತರು. “ಇದು ವಾರಸುದಾರರಿಗೆ ಸೇರಬೇಕು. ನಡೀರಿ, ನಾನೂ ಬರ್ತೀನಿ.”

ನ್ಯಾವಿಗೇಟರ್‌ನ ಹೆಂಡತಿ ಪಾತ್ರೆ ತೊಳೆಯುತ್ತಿದ್ದರು. ನೀಲಿ ರಟ್ಟು ಕಂಡದ್ದೇ ಒದ್ದೆ ಕೈಗಳನ್ನು ಎರಡು ಸಲ ಒರೆಸಿಕೊಂಡರು. ಬಾಗಿಲಲ್ಲಿ ಟೋಪಿ ಕೈಲಿ ಹಿಡಿದು ನಿಂತ ಇನ್ಸ್‌ಪೆಕ್ಟರನ್ನು ನೋಡಿ, “ಇದು ವಾಪಸ್ ಬರಲಿಲ್ಲ ಅಂತ ಆ ಕಾಲದಲ್ಲೇ ನಿಮ್ಮ ಠಾಣೆಗೆ ಬರೆದುಕೊಟ್ಟಿದ್ದೆ. ನಕ್ಕು ಕಳಿಸಿದ್ರು,” ಎಂದರು.

ಪೈಲಟ್‌ನ ಮಗಳು ಎರಡೂ ಕೈಯಲ್ಲಿ ನೋಟ್‌ಬುಕ್ ಚಾಚಿದಳು. “ಅಮ್ಮ ತಂದಿದ್ದು. ಕೊಡೋಕೆ ತಡ ಆಯ್ತು, ದೊಡ್ಡಮ್ಮ.”

“ಪೂರ್ತಿ ಇದೆಯಾ?”

“ಒಂದು ಹಾಳೆನೂ ಹರಿದಿಲ್ಲ.”

“ಕೊಡೋಕೂ ಆಗಲಿಲ್ಲ, ಹರಿಯೋಕೂ ಆಗಲಿಲ್ಲ ಅವಳಿಗೆ.” ಮುದುಕಿ ಅದನ್ನು ಎದೆಗೊತ್ತಿಕೊಂಡರು. ಆಮೇಲೆ ಕೊನೆಯ ಪುಟ ಹುಡುಕಿ, ಬಿಡಿಸಿ ಅವಳ ಮುಂದೆ ಹಿಡಿದರು.

“ನಂಗೆ ಅಕ್ಷರ ಕಾಣಲ್ಲ. ನೀನೇ ಓದು. ಜೋರಾಗಿ ಓದು ಮಗಾ, ಬಾಗಿಲು ತೆಗೆದೇ ಇರಲಿ.”