ಹಸಿರು ನಾಲಿಗೆ

ಗುಳಿಗೆ ಹೊಟ್ಟೆಯಲ್ಲಿ ಕರಗುತ್ತಿದ್ದಂತೆ ಅದರೊಳಗಿನ ವನೇಡಿಯಂ ಮೆಲ್ಲಗೆ ರಕ್ತಕ್ಕೆ ಇಳಿಯುತ್ತಿತ್ತು. ಬರೀ ಲೋಹವಾಗಿದ್ದರೆ ಹೊಟ್ಟೆಯನ್ನೇ ಕೆಡಿಸುತ್ತಿತ್ತು. ಧಾರವಾಡದ ರಸಾಯನ ವಿಜ್ಞಾನಿ ಶಾಲ್ಮಲಾ ಅಂಗಡಿ ಅದರ ತಲೆಯ ಮೇಲೊಂದು ಆಮ್ಲಜನಕವನ್ನು ಕೂರಿಸಿ, ಎರಡು ಕಡೆಯಿಂದ ಎರಡು ಸಾವಯವ ಅಣುಗಳು ಅದನ್ನು ಅವುಚಿ ಹಿಡಿಯುವಂತೆ ಮಾಡಿದ್ದರು. ಈ ಸಂಯುಕ್ತವು, ಇನ್ಸುಲಿನ್ ಬಾರದಿದ್ದರೂ ಬಂದಿದೆಯೆಂದು ಜೀವಕೋಶಗಳನ್ನು ನಂಬಿಸಿ, ರಕ್ತದ ಸಕ್ಕರೆಯನ್ನು ಅವುಗಳ ಒಳಗೆ ಸೇರಿಸುತ್ತಿತ್ತು. ೨೦೫೮ರ ಹೊತ್ತಿಗೆ ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಕೊಳ್ಳುವವರೇ ಅಪರೂಪವಾಗಿದ್ದರು.

ಒಂದೇ ಒಂದು ಕಿರಿಕಿರಿ ಉಳಿದಿತ್ತು. ಗುಳಿಗೆ ನುಂಗುವವರ ನಾಲಿಗೆ ಹಸಿರಾಗುತ್ತಿತ್ತು. ಅದರಿಂದ ಏನೂ ತೊಂದರೆಯಿಲ್ಲವೆಂದು ಹೇಳಿ ಹೇಳಿ ಶಾಲ್ಮಲಾ ಸೋತಿದ್ದರು. ಹೆಣ್ಣು ನೋಡಲು ಬಂದವರು ಹುಡುಗಿಯಿಂದ ಹಾಡು ಹೇಳಿಸಿ ಬಾಯಿ ನೋಡುವುದನ್ನು ಕಲಿತಿದ್ದರು. ಹಾಡು ಯಾರಿಗೆ ಬೇಕಿತ್ತು!

ಗುಳಿಗೆ ಬಿಟ್ಟು ಹಾಸಿಗೆ ಹಿಡಿದವರು ಬಂದಾಗಲೆಲ್ಲ ಆಸ್ಪತ್ರೆಯವರು ಶಾಲ್ಮಲಾರನ್ನು ಕರೆಸುತ್ತಿದ್ದರು. ಇಂದು ಎಚ್ಚರ ತಪ್ಪಿ ಮಲಗಿದ್ದವಳು ಇಂಚರಾ, ಇಪ್ಪತ್ತೆರಡರ ಹುಡುಗಿ. ನಾಲಿಗೆ ಮಾತ್ರ ಕೆಂಪಗಿತ್ತು.

"ಗುಳಿಗಿ ಯಾವಾಗ ಬಿಡಿಸಿದ್ರಿ?" ಎಂದು ಶಾಲ್ಮಲಾ ಕೇಳಿದರು.

"ಹೆಣ್ಣು ನೋಡಾಕ ಬರೋರಿದ್ರು ರೀ," ಎಂದರು ತಾಯಿ ಸಹನಾ. "ಒಂದ್ ವಾರ ಅಷ್ಟ ಅಲ್ಲೇನು ಅಂತ ನಾನ ಬಿಡಿಸೀನ್ರಿ. ನಿನ್ನೆ ಬಂದ್ರು, ಒಪ್ಪಿಕೊಂಡು ಹೋದ್ರು. ಮುಂಜಾನೆ ಎದ್ರ ಹಿಂಗಾಗಿತ್ತು."

ಬಯ್ಯಬೇಕೆನ್ನಿಸಿತು. ಬಯ್ಯುವಷ್ಟು ಶಕ್ತಿಯೂ ಶಾಲ್ಮಲಾರಲ್ಲಿ ಉಳಿದಿರಲಿಲ್ಲ. ಸಕ್ಕರೆ ಏರಿ ರಕ್ತ ಇಷ್ಟು ಆಮ್ಲೀಯವಾದ ಮೇಲೆ ಗುಳಿಗೆಯಿಂದ ಏನೂ ಆಗುವುದಿಲ್ಲ. ಹಳೆಯ ಇನ್ಸುಲಿನ್ನನ್ನೇ ನರಕ್ಕೆ ಹನಿಸುತ್ತ, ಹುಡುಗಿ ಉಳಿದರೆ ಸಾಕೆಂದು ಎಲ್ಲರೂ ಕಾದರು.

ಸಂಜೆ ಇಂಚರಾ ಕಣ್ಣು ಬಿಟ್ಟಳು. ಸಹನಾ ಶಾಲ್ಮಲಾರ ಕೈ ಹಿಡಿದು ಅತ್ತೇಬಿಟ್ಟರು.

"ಆ ಬಣ್ಣ ಒಂದು ತಗೀರಿ ಮೇಡಂ. ಅಂದ್ರ ಯಾರೂ ಗುಳಿಗಿ ಬಿಡಂಗಿಲ್ಲ."

ತೆಗೆಯಬಹುದಿತ್ತು. ಮೂತ್ರಪಿಂಡಕ್ಕೆ ಇನ್ನಷ್ಟು ಹಗುರವಾದ ಗುಳಿಗೆ ಮಾಡುವ ಕೆಲಸ ಬಿಟ್ಟು ಇನ್ನು ಬಣ್ಣದ ಹಿಂದೆ ಬೀಳಬೇಕೇ ಎಂದು ಶಾಲ್ಮಲಾರಿಗೆ ಬೇಸರವಾಯಿತು. ಅಷ್ಟರಲ್ಲಿ ಬಾಗಿಲ ಮುಂದೆ ಯುವಕನೊಬ್ಬನನ್ನು ಹೊತ್ತ ಸ್ಟ್ರೆಚರೊಂದು ಹಾದುಹೋಯಿತು. ಇವನೂ ವಾರದಿಂದ ಗುಳಿಗೆ ಬಿಟ್ಟವನೇ ಎಂದು ನರ್ಸ್ ಹೇಳಿದಳು. ಇಣುಕಿ ನೋಡಿದ ಸಹನಾ ಕೆಂಡಾಮಂಡಲವಾದರು.

"ಇಂವ ನಿನ್ನೆ ನಮ್ಮ ಮನಿಗೆ ಬಂದಿದ್ದ ಹುಡುಗ! ಎಂಥಾ ಮೋಸಗಾರ ಮಂದಿ ನೋಡ್ರಿ! ಸಕ್ಕರಿ ಕಾಯಿಲೆ ಐತಿ ಅಂತ ಒಂದ್ ಮಾತು ಹೇಳಬಾರದಿತ್ತಾ?"

ಶಾಲ್ಮಲಾರಿಗೆ ತಮ್ಮ ಅಕ್ಕನ ನೆನಪಾಯಿತು. ೨೦೨೬ರ ಸುಮಾರಿಗೆ, ಯಾರ ಮನೆಗೆ ಊಟಕ್ಕೆ ಹೋದರೂ ಅಕ್ಕ ಮೊದಲು ಬಚ್ಚಲಿಗೆ ಹೋಗಿ, ಚಿಲಕ ಹಾಕಿಕೊಂಡು, ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡು ಬರುತ್ತಿದ್ದಳು. ಅವಳು ಹೊರಬಂದೊಡನೆ ಆ ಮನೆಯವರೊಬ್ಬರು ಅಂಥದೇ ಸೂಜಿಯ ಡಬ್ಬಿ ಮರೆಮಾಡಿಕೊಂಡು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದರು. ಏಕೆಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.